ಟ್ರಾಮ್ ಹಳಿಯ ಹಿಮ ಕರಗಿಸುವ ಲೆಕ್ಕ ಬರೆದ ಜೇಮ್ಸ್ ಜೌಲ್

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಿಂದ ಆಲ್ಟ್ರಿಂಚಮ್ ಕಡೆಗೆ ಹೊರಡುವ ಟ್ರಾಮ್, ಸೇಲ್ ಪಟ್ಟಣವನ್ನು ದಾಟಿದ ಕೂಡಲೇ ಬ್ರೂಕ್‌ಲ್ಯಾಂಡ್ಸ್ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ಅದೇ ಹೆಸರಿನ ಸ್ಮಶಾನದಲ್ಲಿ ಒಂದು ಸಮಾಧಿಯಿದೆ. ಸಾಮಾನ್ಯವಾಗಿ ಸಮಾಧಿಯ ಕಲ್ಲಿನ ಮೇಲೆ ಹುಟ್ಟಿದ ಮತ್ತು ಮಡಿದ ದಿನಾಂಕಗಳಿರುತ್ತವೆ, ಒಂದು ಧರ್ಮವಚನವಿರುತ್ತದೆ. ಇಲ್ಲಿ ಅವುಗಳ ಜೊತೆಗೆ 772.55 ಎಂಬ ಅಂಕಿಯನ್ನೂ ಕೆತ್ತಲಾಗಿದೆ. ಈ ಅಂಕಿಗಾಗಿ ತಮ್ಮ ಬದುಕಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಸವೆಸಿದವರು ಜೇಮ್ಸ್ ಪ್ರೆಸ್ಕಾಟ್ ಜೌಲ್. ವೃತ್ತಿಯಿಂದ ಅವರು ಬಿಯರ್ ತಯಾರಕರ ಮನೆಯವರು. ಯಾವ ವಿಶ್ವವಿದ್ಯಾಲಯದಲ್ಲೂ ಓದಿದವರಲ್ಲ, ಪಾಠ ಹೇಳಿದವರೂ ಅಲ್ಲ.

ಚಳಿ ದೇಶಗಳ ನಗರಗಳಲ್ಲಿ ಟ್ರಾಮ್ ಓಡಿಸುವವರಿಗೆ ಜೌಲ್ ಅವರ ಹೆಸರು ಪ್ರತಿ ವರ್ಷ ಚಳಿಗಾಲದಲ್ಲಿ ಹೊಸದಾಗಿ ನೆನಪಾಗಬೇಕು. ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗವನ್ನು ಪಾಯಿಂಟ್ ಎನ್ನುತ್ತಾರೆ. ಅಲ್ಲಿ ನಾಲಿಗೆಯಂತೆ ಚೂಪಾದ ಹಳಿಯ ತುಂಡೊಂದು ಅತ್ತಿತ್ತ ಸರಿದು, ಬದಿಯ ಸ್ಥಿರ ಹಳಿಗೆ ಒತ್ತಿ ಕುಳಿತು, ಗಾಡಿ ಯಾವ ದಾರಿ ಹಿಡಿಯಬೇಕೆಂಬುದನ್ನು ನಿರ್ಧರಿಸುತ್ತದೆ. ಈ ಎರಡು ಹಳಿಗಳ ನಡುವಿನ ಸಂದಿಯಲ್ಲಿ ಹಿಮ ತುಂಬಿ ಗಟ್ಟಿಯಾದರೆ ನಾಲಿಗೆ ಪೂರ್ತಿಯಾಗಿ ಕೂರುವುದಿಲ್ಲ. ಬೆರಳಿನಷ್ಟು ಮಂಜುಗಡ್ಡೆ ಸಾಕು, ಟ್ರಾಮ್ ನಿಲ್ಲುತ್ತದೆ. ಎಚ್ಚರ ತಪ್ಪಿದರೆ ಹಳಿ ಬಿಡುತ್ತದೆ. ಆದ್ದರಿಂದ ಪಾಯಿಂಟಿನ ಹಳಿಗೆ ವಿದ್ಯುತ್ ಹೀಟರಿನ ಸರಳುಗಳನ್ನು ಬಿಗಿದು ಬೆಚ್ಚಗಿಡುವ ಪದ್ಧತಿ ಬಂದಿದೆ. ಈ ಸರಳು ಕಾಯುವುದು ಜೌಲ್ ಕಂಡುಕೊಂಡ ನಿಯಮದಿಂದ. ಅದಕ್ಕೆ ಎಷ್ಟು ವಿದ್ಯುತ್ತು ಬೇಕು, ಎಷ್ಟು ವ್ಯರ್ಥವಾಗುತ್ತಿದೆ ಎಂಬ ಲೆಕ್ಕವನ್ನು ಬರೆಯುವುದೂ ಅವರ ಹೆಸರಿನ ಮಾನದಲ್ಲೇ.

ಬಿಯರ್ ಕಾರ್ಖಾನೆಯ ಮಗ

ಜೌಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಮ್ಯಾಂಚೆಸ್ಟರಿಗೆ ಅಂಟಿಕೊಂಡಂತಿರುವ ಸಾಲ್‌ಫರ್ಡ್‌ನಲ್ಲಿ. ತಂದೆ ಬೆಂಜಮಿನ್ ಜೌಲ್ ಸ್ಥಿತಿವಂತ ಬಿಯರ್ ತಯಾರಕರು, ತಾಯಿ ಆಲಿಸ್. ಬಾಲ್ಯದಲ್ಲಿ ಬೆನ್ನುಮೂಳೆಯ ದೌರ್ಬಲ್ಯದಿಂದ ನರಳಿದ ಹುಡುಗನನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಲಾಯಿತು. ಮಾತು ಕಡಿಮೆ, ಸಂಕೋಚ ಹೆಚ್ಚು. ಈ ಸ್ವಭಾವ ಕೊನೆಯವರೆಗೂ ಹಾಗೆಯೇ ಉಳಿಯಿತು.

1834ರಲ್ಲಿ ತಂದೆ ತಮ್ಮ ಇಬ್ಬರು ಮಕ್ಕಳನ್ನು, ಅಂದರೆ ಜೇಮ್ಸ್ ಮತ್ತು ಅವರ ಅಣ್ಣನನ್ನು, ಜಾನ್ ಡಾಲ್ಟನ್ ಅವರ ಬಳಿ ಪಾಠಕ್ಕೆ ಸೇರಿಸಿದರು. ಪರಮಾಣು ಸಿದ್ಧಾಂತದಿಂದ ಜಗತ್ಪ್ರಸಿದ್ಧರಾಗಿದ್ದ ಡಾಲ್ಟನ್ ಆಗ ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದಲ್ಲಿ ಇದ್ದುಕೊಂಡು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಅವರು ಕಲಿಸಿದ್ದು ಅಂಕಗಣಿತ ಮತ್ತು ರೇಖಾಗಣಿತ. ರಸಾಯನಶಾಸ್ತ್ರದ ಪಾಠ ಮುಂದುವರಿಯುವ ಮುನ್ನವೇ, 1837ರಲ್ಲಿ, ಅವರಿಗೆ ಪಾರ್ಶ್ವವಾಯು ಬಡಿಯಿತು. ಗುರುವಿನಿಂದ ಜೌಲ್ ಪಡೆದದ್ದು ಮುಖ್ಯವಾಗಿ ಒಂದು ಮನೋಧರ್ಮ: ಅಳೆಯದೆ ಯಾವುದನ್ನೂ ನಂಬಬಾರದು, ಅಳತೆಗೆ ಬೇಕಾದ ಸಾಧನವನ್ನು ತಾನೇ ರೂಪಿಸಿಕೊಳ್ಳಬೇಕು.

ಬಿಯರ್ ಕಾರ್ಖಾನೆಯಲ್ಲಿಯೂ ಅಳತೆಗೆ ಅಷ್ಟೇ ಬೆಲೆ. ಧಾನ್ಯವನ್ನು ನೆನೆಸುವ ನೀರಿನ ಉಷ್ಣತೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೂ ಇಡೀ ಹಂಡೆಯ ಸರಕು ಕೆಡಬಹುದು. ತಂದೆಯ ಆರೋಗ್ಯ ಹದಗೆಟ್ಟಂತೆ ಜೌಲ್ ವ್ಯಾಪಾರದ ಹೊಣೆಯಲ್ಲಿ ಪಾಲು ಪಡೆದರು. ಹಗಲು ಕಾರ್ಖಾನೆ, ಬೆಳಗಿನ ಜಾವ ಮತ್ತು ಸಂಜೆ ಪ್ರಯೋಗ ಎಂಬ ದಿನಚರಿ ವರ್ಷಗಟ್ಟಲೆ ನಡೆಯಿತು. ತಂದೆ ಮಗನ ಹುಚ್ಚನ್ನು ಹಳಿಯಲಿಲ್ಲ. ಮನೆಯ ಬಳಿಯಲ್ಲೇ ಅವರಿಗೊಂದು ಪ್ರಯೋಗಾಲಯವನ್ನು ಕಟ್ಟಿಸಿಕೊಟ್ಟರು.

ಕಲ್ಲಿದ್ದಲೋ, ಸತುವೋ

ಜೌಲ್ ವಿಜ್ಞಾನಕ್ಕೆ ಬಂದ ದಾರಿ ಕುತೂಹಲಕರ. ಅವರನ್ನು ಮೊದಲು ಸೆಳೆದದ್ದು ಉಳಿತಾಯದ ಪ್ರಶ್ನೆ. 1830ರ ದಶಕದ ಕೊನೆಯಲ್ಲಿ ವಿದ್ಯುತ್ಕಾಂತದ ಮೋಟಾರು ಯುರೋಪಿನಾದ್ಯಂತ ಬಹುದೊಡ್ಡ ಆಸೆಯನ್ನು ಹುಟ್ಟಿಸಿತ್ತು. ಉಗಿಯಂತ್ರದ ಹೊಗೆ ಹೋಗಿ, ಖರ್ಚಿಲ್ಲದ ಶಕ್ತಿ ಬಂದೇಬಿಟ್ಟಿತೆಂದು ಅನೇಕರು ನಂಬಿದ್ದರು. ಜೌಲ್ ಅವರೂ ಆ ನಂಬಿಕೆಯಲ್ಲಿ ಮುಳುಗಿದ್ದ ತರುಣರೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1838ರಲ್ಲಿ, ತಾವು ಕಟ್ಟಿದ ವಿದ್ಯುತ್ಕಾಂತ ಯಂತ್ರದ ಬಗ್ಗೆ ಮೊದಲ ಲೇಖನವನ್ನು ಪ್ರಕಟಿಸಿದರು.

ಬೇರೆಯವರು ಕನಸು ಕಾಣುತ್ತಿದ್ದಾಗ ವ್ಯಾಪಾರಿಯ ಮಗ ಲೆಕ್ಕ ಹಾಕಿದರು. ಅಂದಿನ ವಿದ್ಯುತ್ತು ಬರುತ್ತಿದ್ದುದು ಬ್ಯಾಟರಿಯಿಂದ. ಬ್ಯಾಟರಿ ತಿನ್ನುತ್ತಿದ್ದುದು ಸತುವನ್ನು. ಒಂದು ಪೌಂಡ್ ಸತುವಿನಿಂದ ಮೋಟಾರು ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತಬಲ್ಲದು, ಒಂದು ಪೌಂಡ್ ಕಲ್ಲಿದ್ದಲಿನಿಂದ ಉಗಿಯಂತ್ರ ಎಷ್ಟು ಎತ್ತಬಲ್ಲದು ಎಂದು ಹೋಲಿಸಿದರು. ಕಲ್ಲಿದ್ದಲು ಸುಮಾರು ಐದು ಪಟ್ಟು ಮುಂದಿತ್ತು, ಬೆಲೆಯಲ್ಲಿ ಸತುವಿಗಿಂತ ಬಹಳ ಅಗ್ಗವೂ ಆಗಿತ್ತು. ಕಾರ್ಖಾನೆಯ ಉಗಿಯಂತ್ರವನ್ನು ಕಿತ್ತೆಸೆಯುವ ಕನಸು ಅಲ್ಲಿಗೆ ಮುಗಿಯಿತು.

ಸೋಲಿನ ಈ ಲೆಕ್ಕವನ್ನು ಜೌಲ್ ಮಡಚಿಡಲಿಲ್ಲ. ಮೋಟಾರಿಗೆ ಕೊಟ್ಟದ್ದೆಲ್ಲ ಕೆಲಸವಾಗಿ ಹೊರಬರುತ್ತಿಲ್ಲವೆಂದರೆ ಉಳಿದದ್ದು ಎಲ್ಲಿಗೆ ಹೋಯಿತು? ತಂತಿಗಳು ಬಿಸಿಯಾಗುತ್ತಿದ್ದವು. ಈ ಬಿಸಿಯನ್ನು ಎಲ್ಲರೂ ಕಂಡಿದ್ದರು. ಅದು ಎಷ್ಟೆಂದು ನಿಖರವಾಗಿ ಅಳೆದು ನಿಯಮ ಕಟ್ಟುವ ಕೆಲಸವನ್ನು ಜೌಲ್ ಕೈಗೆತ್ತಿಕೊಂಡರು.

ನೀರಿನಲ್ಲಿ ಮುಳುಗಿದ ತಂತಿ

1840ರಲ್ಲಿ ಅವರು ಮಾಡಿದ ಪ್ರಯೋಗವನ್ನು ಇಂದಿನ ಪ್ರೌಢಶಾಲೆಯ ಮಕ್ಕಳೂ ಅರ್ಥಮಾಡಿಕೊಳ್ಳಬಲ್ಲರು. ತಂತಿಯನ್ನು ಸುರುಳಿಯಾಗಿ ಸುತ್ತಿ, ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಅದರ ಮೂಲಕ ವಿದ್ಯುತ್ತನ್ನು ಹರಿಸಿದರು. ನೀರು ಎಷ್ಟು ಕಾಯಿತೆಂಬುದನ್ನು ಥರ್ಮಾಮೀಟರಿನಿಂದ ಓದಿದರು. ತಂತಿಯ ರೋಧವನ್ನು ಬದಲಿಸಿ, ಪ್ರವಾಹದ ಪ್ರಮಾಣವನ್ನು ಬದಲಿಸಿ, ಮತ್ತೆ ಮತ್ತೆ ಅಳೆದರು. ಹುಟ್ಟುವ ಉಷ್ಣವು ರೋಧಕ್ಕೆ ನೇರ ಅನುಪಾತದಲ್ಲಿಯೂ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ ಎಂಬ ಫಲಿತಾಂಶ ದೊರೆಯಿತು. ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಇಪ್ಪತ್ತೊಂದರ ತರುಣನ ಈ ಪ್ರಬಂಧದ ಸಾರಾಂಶವನ್ನಷ್ಟೇ ಲಂಡನ್ನಿನ ರಾಯಲ್ ಸೊಸೈಟಿ ತನ್ನ ನಡಾವಳಿಯಲ್ಲಿ ಅಚ್ಚು ಹಾಕಿತು. ಪೂರ್ಣ ಪಾಠ 1841ರಲ್ಲಿ ಫಿಲಸಾಫಿಕಲ್ ಮ್ಯಾಗಝೀನ್ ಪತ್ರಿಕೆಯಲ್ಲಿ ಬಂದಿತು.

ಈ ಒಂದು ನಿಯಮಕ್ಕೆ ಎರಡು ಮುಖಗಳಿವೆ. ಬಿಸಿ ಬೇಕಾದವರಿಗೆ ಇದು ವರ, ಬೇಡವಾದವರಿಗೆ ಶಾಪ. ಇಸ್ತ್ರಿಪೆಟ್ಟಿಗೆ, ಸ್ನಾನದ ಮನೆಯ ಗೀಸರ್, ಟ್ರಾಮ್ ಹಳಿಯ ಹೀಟರ್ ಮೂರೂ ವರದ ಪಾಲಿಗೆ ಸೇರಿದವು. ದೂರದ ಊರಿಗೆ ವಿದ್ಯುತ್ ಸಾಗಿಸುವ ತಂತಿ ಕಾಯುವುದು ಶುದ್ಧ ನಷ್ಟ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದಾಗ ಮೈಸೂರು ಸಂಸ್ಥಾನದ ಎಂಜಿನಿಯರುಗಳು ಬಹಳ ಹೆಚ್ಚಿನ ವೋಲ್ಟೇಜನ್ನು ಆರಿಸಿಕೊಂಡದ್ದು ಈ ಕಾರಣಕ್ಕೇ. ವೋಲ್ಟೇಜ್ ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಬಹುದು. ಪ್ರವಾಹ ಇಳಿದರೆ ದಾರಿಯಲ್ಲಿ ಸೋರುವ ಬಿಸಿ ಅದರ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ.

ಯಾರೂ ಕಿವಿಗೊಡದ ಮಾತು

ಬಿಸಿ ಎಷ್ಟೆಂದು ತಿಳಿದ ಮೇಲೆ ಅದು ಎಲ್ಲಿಂದ ಬಂತೆಂಬ ಪ್ರಶ್ನೆ ಎದ್ದಿತು. ಅಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಉಷ್ಣವನ್ನು ಒಂದು ಬಗೆಯ ಸೂಕ್ಷ್ಮ ದ್ರವವೆಂದು ಭಾವಿಸಿದ್ದರು. ಅದನ್ನು ಹುಟ್ಟಿಸಲಾಗದು, ನಾಶಮಾಡಲಾಗದು, ಒಂದೆಡೆಯಿಂದ ಇನ್ನೊಂದೆಡೆಗೆ ಹರಿಸಬಹುದಷ್ಟೇ ಎಂಬುದು ಅವರ ನಂಬಿಕೆ. ಜೌಲ್ ಒಂದು ಪುಟ್ಟ ವಿದ್ಯುತ್ಕಾಂತವನ್ನು ನೀರು ತುಂಬಿದ ಕೊಳವೆಯಲ್ಲಿಟ್ಟು, ದೊಡ್ಡ ಕಾಂತದ ಧ್ರುವಗಳ ನಡುವೆ ತಿರುಗಿಸಿದರು. ಬ್ಯಾಟರಿಯ ನೆರವಿಲ್ಲದೆ, ತಿರುಗಿಸಿದ ಶ್ರಮದಿಂದಲೇ ನೀರು ಬಿಸಿಯಾಯಿತು. ಉಷ್ಣ ಬೇರೆಲ್ಲಿಂದಲೋ ಹರಿದು ಬಂದಿರಲಿಲ್ಲ. ಕೆಲಸವೇ ಉಷ್ಣವಾಗಿ ಮಾರ್ಪಟ್ಟಿತ್ತು.

1843ರ ಆಗಸ್ಟಿನಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನ ಸೇರಿತ್ತು. ಜೌಲ್ ಅಲ್ಲಿ ತಮ್ಮ ಫಲಿತಾಂಶವನ್ನು ಮಂಡಿಸಿದರು. ಸಭೆ ಮೌನವಾಗಿ ಕೇಳಿ ಮುಂದಿನ ವಿಷಯಕ್ಕೆ ಹೊರಳಿತು. 1844ರಲ್ಲಿ, ಗಾಳಿಯನ್ನು ಒತ್ತಿದಾಗ ಹುಟ್ಟುವ ಉಷ್ಣದ ಬಗ್ಗೆ ಬರೆದ ಪ್ರಬಂಧವನ್ನು ರಾಯಲ್ ಸೊಸೈಟಿ ತಿರಸ್ಕರಿಸಿತು. ಹಿಡಿದದ್ದನ್ನು ಬಿಡದ ಜೌಲ್ ಅದನ್ನು ಮರುವರ್ಷ ಬೇರೆಡೆ ಪ್ರಕಟಿಸಿದರು.

ವಿದ್ವಾಂಸರ ಅನುಮಾನಕ್ಕೆ ಕಾರಣವಿಲ್ಲದಿರಲಿಲ್ಲ. ಜೌಲ್ ತೋರಿಸುತ್ತಿದ್ದ ಉಷ್ಣತೆಯ ಏರಿಕೆ ಅತ್ಯಲ್ಪ. ಒಂದು ಡಿಗ್ರಿಯ ಸಣ್ಣ ಭಾಗಗಳ ಮೇಲೆ ನಿಂತ ವಾದವನ್ನು ಒಪ್ಪಿ, ತಲೆಮಾರುಗಳ ಸಿದ್ಧಾಂತವನ್ನು ಕೈಬಿಡುವುದು ಸುಲಭವಲ್ಲ. ಅಷ್ಟು ಸೂಕ್ಷ್ಮವಾಗಿ ಅಳೆಯಬಲ್ಲ ಥರ್ಮಾಮೀಟರನ್ನು ಜೌಲ್ ಅವರಿಗೆ ಮಾಡಿಕೊಟ್ಟವರು ಮ್ಯಾಂಚೆಸ್ಟರಿನ ಉಪಕರಣ ತಯಾರಕ ಜಾನ್ ಬೆಂಜಮಿನ್ ಡ್ಯಾನ್ಸರ್. ಅದರಲ್ಲಿ ಫ್ಯಾರನ್‌ಹೀಟ್ ಡಿಗ್ರಿಯ ಇನ್ನೂರನೆಯ ಒಂದು ಭಾಗವನ್ನೂ ಜೌಲ್ ಓದುತ್ತಿದ್ದರು.

ತಿರುಗುವ ರೆಕ್ಕೆಗಳು

1845ರಿಂದ ಮುಂದಕ್ಕೆ ಜೌಲ್ ತಮ್ಮ ಹೆಸರನ್ನು ಶಾಶ್ವತಗೊಳಿಸಿದ ಪ್ರಯೋಗದಲ್ಲಿ ತೊಡಗಿದರು. ತಾಮ್ರದ ಪಾತ್ರೆಯಲ್ಲಿ ನೀರು, ಅದರೊಳಗೆ ಹಿತ್ತಾಳೆಯ ರೆಕ್ಕೆಗಳಿರುವ ಚಕ್ರ. ಚಕ್ರದ ಅಚ್ಚಿಗೆ ಸುತ್ತಿದ ದಾರದ ತುದಿಯಲ್ಲಿ ತೂಕದ ಗುಂಡುಗಳು. ಗುಂಡುಗಳು ಕೆಳಗಿಳಿದಂತೆ ಚಕ್ರ ತಿರುಗುತ್ತದೆ, ನೀರು ಕಡೆಯಲ್ಪಡುತ್ತದೆ, ಘರ್ಷಣೆಯಿಂದ ಬಿಸಿಯಾಗುತ್ತದೆ. ಮೊಸರು ಕಡೆಯುವ ಕೆಲಸವನ್ನು ನೆನಪಿಗೆ ತರುವ ಈ ಸಾಧನದಲ್ಲಿ ಗುಂಡುಗಳನ್ನು ಇಪ್ಪತ್ತು ಬಾರಿ ಮೇಲೆತ್ತಿ ಇಳಿಬಿಟ್ಟರೂ ನೀರು ಕಾಯುತ್ತಿದ್ದುದು ಫ್ಯಾರನ್‌ಹೀಟಿನ ಅರ್ಧ ಡಿಗ್ರಿಯ ಆಸುಪಾಸು ಮಾತ್ರ. ಕೋಣೆಯ ಗಾಳಿಯಿಂದ ಬಂದ ಬಿಸಿ, ಪ್ರಯೋಗ ಮಾಡುವವರ ಮೈಯಿಂದ ಹೊಮ್ಮುವ ಬಿಸಿ, ದಾರದ ಘರ್ಷಣೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಕಳೆಯಬೇಕಾಗಿತ್ತು. ನೀರಿನ ಜೊತೆಗೆ ಪಾದರಸವನ್ನೂ ಕಡೆದು ನೋಡಿದರು, ಕಬ್ಬಿಣದ ತುಂಡುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. ಹೇಗೆ ಮಾಡಿದರೂ ಉತ್ತರ ಒಂದೇ ಸಂಖ್ಯೆಯ ಸುತ್ತ ಸುಳಿಯುತ್ತಿತ್ತು.

1847ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಆನ್ಸ್ ಚರ್ಚಿನ ವಾಚನಾಲಯದಲ್ಲಿ ಜೌಲ್ ಸಾರ್ವಜನಿಕ ಉಪನ್ಯಾಸ ಮಾಡಿದರು. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂಬ ವಿಚಾರವನ್ನು ಅವರು ಸಮಗ್ರವಾಗಿ ವಿವರಿಸಿದ್ದು ಅಲ್ಲಿ. ವಿಜ್ಞಾನದ ಪ್ರತಿಷ್ಠಿತ ಪತ್ರಿಕೆಗಳಿಗೆ ಬದಲಾಗಿ ಆ ಉಪನ್ಯಾಸವನ್ನು ಪೂರ್ತಿಯಾಗಿ ಅಚ್ಚು ಹಾಕಿದ್ದು ಮ್ಯಾಂಚೆಸ್ಟರ್ ಕೊರಿಯರ್ ಎಂಬ ಊರಿನ ಸುದ್ದಿಪತ್ರಿಕೆ. ಜೌಲ್ ಅವರ ಅಣ್ಣ ಆ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದುದರಿಂದ ಇದು ಸಾಧ್ಯವಾಯಿತು. ಹತ್ತೊಂಬತ್ತನೆಯ ಶತಮಾನದ ಬಹುಮುಖ್ಯ ವೈಜ್ಞಾನಿಕ ಹೇಳಿಕೆಯೊಂದು ಹೀಗೆ ಸ್ಥಳೀಯ ವರದಿಗಳ ನಡುವೆ ಬೆಳಕು ಕಂಡಿತು.

ಅದೇ ವರ್ಷ ಜೂನ್ ತಿಂಗಳಲ್ಲಿ ಆಕ್ಸ್‌ಫರ್ಡ್ ಅಧಿವೇಶನದಲ್ಲಿ ಅಧ್ಯಕ್ಷರು ಜೌಲ್ ಅವರಿಗೆ ಚುಟುಕಾಗಿ ಮುಗಿಸುವಂತೆ ಸೂಚಿಸಿದರು. ಈ ಬಾರಿಯೂ ಮಾತು ಮರೆತುಹೋಗುತ್ತಿತ್ತೇನೋ. ಸಭೆಯಲ್ಲಿದ್ದ ಗ್ಲಾಸ್ಗೋ ವಿಶ್ವವಿದ್ಯಾಲಯದ ತರುಣ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ವಿಷಯದ ಗಹನತೆಯನ್ನು ಗುರುತಿಸಿದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ಥಾಮ್ಸನ್ ಕೂಡಲೇ ಒಪ್ಪಿಬಿಡಲಿಲ್ಲ. ಅವರ ಸಂದೇಹಗಳು ಕರಗಲು ಕೆಲವು ವರ್ಷಗಳೇ ಬೇಕಾದವು. ಆದರೂ ಜೌಲ್ ಅವರ ಏಕಾಂತ ಅಂದಿಗೆ ಮುಗಿಯಿತು.

ಆ ಆಗಸ್ಟಿನಲ್ಲಿ ಜೌಲ್ ಅವರು ಅಮೇಲಿಯಾ ಗ್ರೈಮ್ಸ್ ಅವರನ್ನು ವಿವಾಹವಾಗಿ ಆಲ್ಪ್ಸ್ ಪರ್ವತದ ಕಡೆಗೆ ಪ್ರವಾಸ ಹೋದರು. ದಾರಿಯಲ್ಲಿ ಆಕಸ್ಮಿಕವಾಗಿ ಭೇಟಿಯಾದ ಥಾಮ್ಸನ್ ಅವರೊಂದಿಗೆ ಜಲಪಾತವೊಂದರ ಮೇಲಿನ ಮತ್ತು ಕೆಳಗಿನ ನೀರಿನ ಉಷ್ಣತೆಯ ವ್ಯತ್ಯಾಸವನ್ನು ಅಳೆಯುವ ಯೋಜನೆ ಹಾಕಿದರು. ಬಿದ್ದ ನೀರು ಬಿದ್ದಷ್ಟೂ ಬಿಸಿಯಾಗಿರಬೇಕೆಂಬುದು ಸಿದ್ಧಾಂತ. ಆದರೆ ನೀರು ತುಂತುರಾಗಿ ಚದುರಿಹೋಗುತ್ತಿದ್ದುದರಿಂದ ಅಳತೆ ಕೈಗೂಡಲಿಲ್ಲ. ಮಧುಚಂದ್ರದಲ್ಲೂ ಥರ್ಮಾಮೀಟರ್ ಹಿಡಿದು ನಡೆದ ವರನ ಕತೆಯನ್ನು ಮುಂದೆ ಥಾಮ್ಸನ್ ನೆನೆಸಿಕೊಂಡು ಹೇಳುತ್ತಿದ್ದರು. ಹೇಳುತ್ತಾ ಹೋದಂತೆ ಅದಕ್ಕೆ ಒಂದಿಷ್ಟು ಬಣ್ಣವೂ ಸೇರಿರಬಹುದು.

ಮನ್ನಣೆ ಮತ್ತು ಮೌನ

1849ರಲ್ಲಿ ಜೌಲ್ ಅವರ ಪ್ರಬಂಧವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದವರು ಮೈಕೆಲ್ ಫ್ಯಾರಡೆ. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿಮಾಡಲು, 772 ಪೌಂಡ್ ತೂಕ ಒಂದು ಅಡಿ ಕೆಳಗಿಳಿದಾಗ ಆಗುವಷ್ಟು ಕೆಲಸ ಬೇಕು ಎಂಬುದು ಅದರ ತೀರ್ಮಾನ. ಇಂದಿನ ನಿಖರ ಮೌಲ್ಯ ಸುಮಾರು 778. ಮನೆಯ ಪ್ರಯೋಗಾಲಯದ ಅಳತೆಗೂ ಅದಕ್ಕೂ ಶೇಕಡ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಘರ್ಷಣೆಯೆಂದರೆ ಕೆಲಸವು ಉಷ್ಣವಾಗಿ ಮಾರ್ಪಡುವುದೇ ಎಂಬ ಮೂರನೆಯ ತೀರ್ಮಾನವನ್ನೂ ಜೌಲ್ ಬರೆದಿದ್ದರು. ಪರಿಶೀಲನಾ ಸಮಿತಿಯ ಇಚ್ಛೆಯಂತೆ ಅದನ್ನು ಅಚ್ಚಿನಿಂದ ಕೈಬಿಡಲಾಯಿತು. ಅಂಕಿಯನ್ನು ಒಪ್ಪಿದವರಿಗೆ ಅದರ ಅರ್ಥವನ್ನು ಒಪ್ಪಲು ಇನ್ನೂ ಧೈರ್ಯ ಬಂದಿರಲಿಲ್ಲ.

1850ರಲ್ಲಿ ಜೌಲ್ ರಾಯಲ್ ಸೊಸೈಟಿಯ ಸದಸ್ಯರಾದರು. 1852ರಲ್ಲಿ ರಾಯಲ್ ಪದಕ, 1870ರಲ್ಲಿ ಕಾಪ್ಲಿ ಪದಕ ಬಂದವು. ಶಕ್ತಿಯ ನಿತ್ಯತೆಯ ವಿಚಾರದಲ್ಲಿ ಜರ್ಮನಿಯ ವೈದ್ಯ ಯೂಲಿಯಸ್ ರಾಬರ್ಟ್ ಮೇಯರ್ 1842ರಲ್ಲೇ ಬರೆದಿದ್ದರೆಂಬ ಕಾರಣದಿಂದ ಯಾರು ಮೊದಲಿಗರೆಂಬ ಜಗಳ ಬೆಂಬಲಿಗರ ನಡುವೆ ಕಹಿಯಾಗಿ ನಡೆಯಿತು. ಇತಿಹಾಸ ಇಬ್ಬರಿಗೂ ಪಾಲು ಕೊಟ್ಟಿದೆ. ಪ್ರಯೋಗದ ನೆಲಗಟ್ಟು ಹಾಕಿದ ಕೀರ್ತಿಯನ್ನು ಜೌಲ್ ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ.

ಗೌರವಗಳು ಬರುತ್ತಿದ್ದಾಗಲೇ ಮನೆ ಬರಿದಾಯಿತು. 1854ರಲ್ಲಿ ಹುಟ್ಟಿದ ಮೂರನೆಯ ಮಗು ಬದುಕಲಿಲ್ಲ. ಅದೇ ವರ್ಷ ಅಮೇಲಿಯಾ ಕೂಡ ತೀರಿಕೊಂಡರು. ಮದುವೆಯಾಗಿ ಏಳು ವರ್ಷಗಳಷ್ಟೇ ಆಗಿದ್ದವು. ಮನೆತನದ ಬಿಯರ್ ಕಾರ್ಖಾನೆಯೂ ಆ ವರ್ಷವೇ ಮಾರಾಟವಾಯಿತು. ಇಬ್ಬರು ಎಳೆಯ ಮಕ್ಕಳೊಂದಿಗೆ ಉಳಿದ ಜೌಲ್ ಮತ್ತೆ ಮದುವೆಯಾಗಲಿಲ್ಲ. ಥಾಮ್ಸನ್ ಅವರೊಂದಿಗೆ ಪತ್ರಮುಖೇನ ನಡೆದ ಸಹಯೋಗ ಅವರಿಗೆ ಆಸರೆಯಾಯಿತು. ಸಣ್ಣ ರಂಧ್ರಗಳ ಮೂಲಕ ಹಾಯ್ದು ಹಿಗ್ಗುವ ಅನಿಲ ತಣ್ಣಗಾಗುವ ಜೌಲ್–ಥಾಮ್ಸನ್ ಪರಿಣಾಮವನ್ನು ಇಬ್ಬರೂ ಸೇರಿ ಆ ದಶಕದಲ್ಲಿ ಅಧ್ಯಯನ ಮಾಡಿದರು. ಗಾಳಿಯನ್ನು ದ್ರವವಾಗಿಸುವ ಉದ್ಯಮ ಮುಂದೆ ಇದೇ ತತ್ತ್ವದ ಮೇಲೆ ಬೆಳೆಯಿತು.

1856ರಲ್ಲಿ ಜೌಲ್ ವಿದ್ಯುತ್ತಿನ ಬಿಸಿಯಿಂದ ಲೋಹದ ತಂತಿಗಳನ್ನು ಒಂದಾಗಿ ಬೆಸೆಯಬಹುದೆಂಬುದನ್ನು ವಿವರಿಸಿದರು. ಇದ್ದಿಲಿನಲ್ಲಿ ಹುದುಗಿಸಿದ ತಂತಿಗಳ ಕಟ್ಟಿನ ಮೂಲಕ ಪ್ರವಾಹ ಹರಿಸಿದಾಗ ಅವು ಕರಗಿ ಒಂದಾದವು. ಇಂದು ರೈಲು ಮತ್ತು ಟ್ರಾಮ್ ಹಳಿಗಳನ್ನು ತುದಿಗೆ ತುದಿ ಸೇರಿಸಿ ವಿದ್ಯುತ್ತಿನಿಂದ ಬೆಸೆಯುವ ವಿಧಾನದ ಹಿಂದಿರುವುದೂ ಇದೇ ಬಿಸಿ.

ಮಾನದಂಡವನ್ನೇ ತಿದ್ದಿದ ಅಳತೆ

1867ರಲ್ಲಿ ಜೌಲ್ ತಮ್ಮ ಹಳೆಯ ಸಂಖ್ಯೆಯನ್ನು ವಿದ್ಯುತ್ತಿನ ಮೂಲಕ ಮತ್ತೊಮ್ಮೆ ಪರೀಕ್ಷಿಸಿದರು. ರೋಧವನ್ನು ಅಳೆಯಲು ಬ್ರಿಟಿಷ್ ವಿಜ್ಞಾನ ಸಂಘದ ಸಮಿತಿ ಹೊಸದಾಗಿ ಒಂದು ಅಧಿಕೃತ ಮಾನವನ್ನು ಗೊತ್ತುಪಡಿಸಿತ್ತು. ಅದನ್ನು ಬಳಸಿ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 783. ರೆಕ್ಕೆಯ ಚಕ್ರ ಕೊಟ್ಟಿದ್ದು 772. ಎರಡರಲ್ಲೊಂದು ತಪ್ಪಿರಲೇಬೇಕು. ದೊಡ್ಡ ಸಮಿತಿಯ ಮಾನದಂಡ ತಪ್ಪಿರಲಾರದೆಂದು ಯಾರಾದರೂ ಭಾವಿಸುವುದು ಸಹಜ. ಜೌಲ್ ಚಕ್ರವನ್ನು ಹೊಸದಾಗಿ ರೂಪಿಸಿ, ವರ್ಷಗಳ ಶ್ರಮದ ನಂತರ 1878ರಲ್ಲಿ ಉತ್ತರ ಪ್ರಕಟಿಸಿದರು: 772.55. ತಪ್ಪಿದ್ದು ಸಮಿತಿಯ ರೋಧಮಾನವೇ ಎಂದು ಸ್ಥಿರಪಟ್ಟಿತು. ಸಮಾಧಿಯ ಕಲ್ಲಿನ ಮೇಲಿರುವುದು ಈ ಅಂಕಿಯೇ.

ಅಷ್ಟು ಹೊತ್ತಿಗೆ ಆಸ್ತಿ ಕರಗಿತ್ತು, ಆರೋಗ್ಯ ಕೈಕೊಟ್ಟಿತ್ತು. 1873ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷ ಪದವಿ ಒಲಿದು ಬಂದರೂ ಅನಾರೋಗ್ಯದಿಂದ ಅದನ್ನು ವಹಿಸಿಕೊಳ್ಳಲಾಗಲಿಲ್ಲ. 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಗೌರವಧನ ಮಂಜೂರು ಮಾಡಿತು. 1882ರಲ್ಲಿ ವಿಲಿಯಂ ಸೀಮೆನ್ಸ್ ಶಕ್ತಿಯ ಮಾನಕ್ಕೆ ಜೌಲ್ ಎಂಬ ಹೆಸರಿಡುವ ಸಲಹೆ ಕೊಟ್ಟರು. 1889ರ ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಅದನ್ನು ಅಂಗೀಕರಿಸಿತು. ಆರು ವಾರಗಳೊಳಗೆ, ಅಕ್ಟೋಬರ್ 11ರಂದು, ಜೌಲ್ ಸೇಲ್ ಪಟ್ಟಣದ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಮ್ಯಾಂಚೆಸ್ಟರಿನ ಪುರಭವನದಲ್ಲಿ ಗುರು ಡಾಲ್ಟನ್ ಅವರ ಪ್ರತಿಮೆಗೆ ಎದುರಾಗಿ ಶಿಷ್ಯ ಜೌಲ್ ಅವರ ಪ್ರತಿಮೆಯಿದೆ.

ಹಳಿಯ ಬುಡದಲ್ಲಿ ಜೌಲ್ ಲೆಕ್ಕ

ಜೌಲ್ ಬದುಕಿದ್ದಾಗ ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಓಡುತ್ತಿದ್ದುದು ಕುದುರೆ ಎಳೆಯುವ ಟ್ರಾಮ್. ವಿದ್ಯುತ್ ಟ್ರಾಮ್ ಬಂದದ್ದು 1901ರಲ್ಲಿ. 1949ರಲ್ಲಿ ಅದು ಮರೆಯಾಗಿ, 1992ರಲ್ಲಿ ಹೊಸ ರೂಪದಲ್ಲಿ ಮರಳಿತು. ಆಲ್ಟ್ರಿಂಚಮ್‌ಗೆ ಹೋಗುವ ಹಳೆಯ ರೈಲು ದಾರಿಯನ್ನೇ ಆಗ ಟ್ರಾಮಿಗೆ ಮಾರ್ಪಡಿಸಲಾಯಿತು. ಸತುವಿನ ಬ್ಯಾಟರಿಯ ಲೆಕ್ಕದಲ್ಲಿ ಜೌಲ್ ಕೈಬಿಟ್ಟ ವಿದ್ಯುತ್ ಮೋಟಾರು, ಡೈನಮೋ ವಿದ್ಯುತ್ತನ್ನು ಅಗ್ಗವಾಗಿಸಿದ ಮೇಲೆ, ಅವರ ಸಮಾಧಿಯ ಸನಿಹದಲ್ಲೇ ಓಡತೊಡಗಿತು.

ಚಳಿಗಾಲದಲ್ಲಿ ಪಾಯಿಂಟುಗಳನ್ನು ಸಡಿಲವಾಗಿಡಲು ಹಿಂದೆ ಪೊರಕೆ, ಉಪ್ಪು, ಅನಿಲದ ಜ್ವಾಲೆ ಬಳಸುತ್ತಿದ್ದರು. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಪೊರಕೆಗೆ ನಡುರಾತ್ರಿಯಲ್ಲೂ ಆಳು ಬೇಕು. ವಿದ್ಯುತ್ ಹೀಟರ್ ಈ ತಾಪತ್ರಯಗಳನ್ನು ನೀಗಿಸಿತು, ಜೊತೆಗೆ ದೊಡ್ಡ ಬಿಲ್ಲನ್ನೂ ತಂದಿತು. ಪಾಯಿಂಟೊಂದರ ಹೀಟರಿಗೆ ಐದು ಕಿಲೋವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ 120 ಯೂನಿಟ್, ನೂರು ದಿನ ಎಡೆಬಿಡದೆ ಉರಿದರೆ 12,000 ಯೂನಿಟ್. ನಗರದಲ್ಲಿ ಇಂಥ ಪಾಯಿಂಟುಗಳು ಹಲವಾರು.

ಇದನ್ನು ಜೌಲ್ ಅವರ ರೀತಿಯಲ್ಲಿ ನೋಡಬೇಕು. ಮನೆಯ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗಲು ಬೇಕಾದದ್ದು ಸುಮಾರು 3 ಲಕ್ಷ 34 ಸಾವಿರ ಜೌಲ್. ಅಂದರೆ ಒಂದು ಯೂನಿಟ್ ವಿದ್ಯುತ್ತು ಹತ್ತು ಕಿಲೋಗ್ರಾಂಗಿಂತಲೂ ಹೆಚ್ಚು ಮಂಜುಗಡ್ಡೆಯನ್ನು ಕರಗಿಸಬಲ್ಲದು. ಪಾಯಿಂಟಿನ ಸಂದಿಯಲ್ಲಿ ಒಮ್ಮೆಗೆ ಹಿಡಿಯುವ ಹಿಮ ಅಷ್ಟೇನೂ ಇಲ್ಲ. ಉಳಿದ ವಿದ್ಯುತ್ತೆಲ್ಲ ಎಲ್ಲಿಗೆ ಹೋಯಿತು? ಉದ್ದನೆಯ ಹಳಿಯ ಗುಂಟ ಹರಿದು, ನೆಲಕ್ಕೆ ಇಳಿದು, ಗಾಳಿಗೆ ಸೇರಿತು. ವಿದ್ಯುತ್ ಹೀಟರ್ ತಾನು ಪಡೆದದ್ದನ್ನೆಲ್ಲ ಉಷ್ಣವಾಗಿಯೇ ಕೊಡುತ್ತದೆ. ಆ ಉಷ್ಣ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿನಲ್ಲಿ ನಿಲ್ಲುವುದಿಲ್ಲ ಎಂಬುದಷ್ಟೇ ತೊಡಕು.

ಪರಿಹಾರಗಳೂ ಇದೇ ಲೆಕ್ಕದಿಂದ ಹುಟ್ಟಿವೆ. ಮೊದಲನೆಯದು ಸಮಯ. ಹಳಿಯ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿದಿರಬೇಕು, ಜೊತೆಗೆ ಹಿಮವೋ ತೇವವೋ ಇರಬೇಕು. ಎರಡನ್ನೂ ಸಂವೇದಕಗಳು ಖಚಿತಪಡಿಸಿದಾಗ ಮಾತ್ರ ಹೀಟರ್ ಉರಿಯಬೇಕು. ಒಣ ಚಳಿಯಲ್ಲಿ ಹಳಿಯನ್ನು ಕಾಯಿಸುವುದು ವ್ಯರ್ಥ. ಮೇಲಿನ ಉದಾಹರಣೆಯಲ್ಲಿ ಹೀಟರ್ ನಿಜವಾಗಿ ಬೇಕಾದದ್ದು 300 ಗಂಟೆ ಎಂದಾದರೆ ಖರ್ಚು 1,500 ಯೂನಿಟ್‌ಗೆ, ಅಂದರೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನೆಯದು ಸ್ಥಳ. ಸರಳು ಹಳಿಗೆ ಒತ್ತಿಕೊಂಡಿರಬೇಕು, ಹೊರಮೈಗೆ ಉಷ್ಣ ನಿರೋಧಕ ಹೊದಿಕೆ ಇರಬೇಕು. ರಸ್ತೆಯೊಳಗೆ ಹುದುಗಿದ ಟ್ರಾಮ್ ಹಳಿಯಲ್ಲಿ ಕರಗಿದ ನೀರು ಹರಿದುಹೋಗಲು ದಾರಿಯೂ ಬೇಕು; ಇಲ್ಲದಿದ್ದರೆ ಅದೇ ನೀರು ಮತ್ತೆ ಹೆಪ್ಪುಗಟ್ಟಿ ಖರ್ಚು ಎರಡಾಗುತ್ತದೆ.

ಮೂರನೆಯದು ವರ್ಗದ ನಿಯಮ. ಒಂದೇ ಹೀಟರಿಗೆ ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ಬಿಸಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಿಮ ಬೀಳುವ ಮುನ್ನ ಹಳಿಯನ್ನು ತುಸು ಬೆಚ್ಚಗಿಡಲು ಅಷ್ಟು ಸಾಕು. ಬಿದ್ದಾಗ ಪೂರ್ಣ ಬಲ ಕೊಡಬಹುದು. ಟ್ರಾಮಿನ ಮೇಲಿನ ತಂತಿಯಿಂದಲೇ ಹೀಟರಿಗೆ ವಿದ್ಯುತ್ ಪಡೆಯುವಲ್ಲಿ ಇದೇ ನಿಯಮ ಎಚ್ಚರಿಕೆಯೂ ಹೌದು. ಗಾಡಿಗಳ ಓಡಾಟದಿಂದ ವೋಲ್ಟೇಜ್ ಶೇಕಡ ಹತ್ತರಷ್ಟು ಕುಸಿದರೆ ಬಿಸಿ ಕುಸಿಯುವುದು ಶೇಕಡ ಹತ್ತೊಂಬತ್ತರಷ್ಟು.

ನಾಲ್ಕನೆಯ ದಾರಿಯನ್ನು ತೋರಿಸಿದ್ದು ಜೌಲ್ ಅವರ ಸ್ನೇಹಿತ ಥಾಮ್ಸನ್. ಒಂದು ಜೌಲ್ ವಿದ್ಯುತ್ತು ತಂತಿಯಲ್ಲಿ ಒಂದು ಜೌಲ್ ಉಷ್ಣವನ್ನಷ್ಟೇ ಕೊಡಬಲ್ಲದು. ಅದೇ ಶಕ್ತಿಯಿಂದ ಯಂತ್ರವೊಂದನ್ನು ನಡೆಸಿ ಹೊರಗಿನ ಉಷ್ಣವನ್ನು ಎತ್ತಿ ತಂದರೆ ಇನ್ನೂ ಹೆಚ್ಚು ಬಿಸಿ ದೊರೆಯುತ್ತದೆ ಎಂದು ಥಾಮ್ಸನ್ 1852ರಲ್ಲೇ ವಿವರಿಸಿದ್ದರು. ಇಂದಿನ ಹೀಟ್ ಪಂಪ್ ಇದೇ. ನೆಲದಾಳದ ಬಿಸಿಯನ್ನು ಪಾಯಿಂಟುಗಳಿಗೆ ತರುವ ಪ್ರಯೋಗಗಳು ಜರ್ಮನಿಯಲ್ಲಿ ನಡೆದಿವೆ. ನೆಲ ಅಗೆಯುವ ಆರಂಭಿಕ ಖರ್ಚು ಮಾತ್ರ ದೊಡ್ಡದು.

ಶಕ್ತಿ ಎಂದೂ ಕಳೆದುಹೋಗುವುದಿಲ್ಲ ಎಂಬುದು ಜೌಲ್ ಜಗತ್ತಿಗೆ ಕೊಟ್ಟ ಅರಿವು. ಹಾಗಿರುವಾಗ ಉಳಿತಾಯದ ಪ್ರಶ್ನೆ ಎಲ್ಲ ಕಾಲಕ್ಕೂ ಒಂದೇ: ಕೊಟ್ಟದ್ದು ಎಲ್ಲಿಗೆ ಹೋಯಿತು? ಕಾರ್ಖಾನೆಯ ಸತುವಿನ ಖರ್ಚನ್ನು ಮುಂದಿಟ್ಟುಕೊಂಡು ಇಪ್ಪತ್ತರ ಹರೆಯದಲ್ಲಿ ಅವರು ಕೇಳಿದ್ದು ಇದನ್ನೇ. ಹಿಮ ಬೀಳುವ ರಾತ್ರಿಯಲ್ಲಿ ಟ್ರಾಮ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಕೇಳಿಕೊಳ್ಳಬೇಕಾದದ್ದೂ ಇದನ್ನೇ. ಬೆಳಗಿನ ಮೊದಲ ಟ್ರಾಮ್ ಪಾಯಿಂಟ್ ದಾಟಿ ಸರಿಯಾದ ದಾರಿ ಹಿಡಿದರೆ, ಸಂದಿಯಲ್ಲಿ ಕರಗಿದ ಹಿಮದಲ್ಲಿ ಆ ಸಂಕೋಚದ ಮನುಷ್ಯನ ಅಳತೆ ಇದ್ದೇ ಇರುತ್ತದೆ.